ಬ್ಯಾಟರಿ ಸಾಯೋದು ಆಕಾಶದಲ್ಲಲ್ಲ, ಬೀರುವಿನಲ್ಲಿ

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಾವು ನಾಲ್ವರು ಹುಡುಗರು ಸೇರಿ ಒಂದು ಮಾಡೆಲ್ ವಿಮಾನ ಕಟ್ಟಿದ್ವಿ. ಥರ್ಮಾಕೋಲ್ ರೆಕ್ಕೆ, ಸಣ್ಣ ಮೋಟಾರು, ಮೂರು ಸೆಲ್ಲಿನ 2200 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ. ಜೇಬಿಗೆ ಭಾರ ಆಗಿದ್ದು ಆ ಬ್ಯಾಟರಿಯೇ. ಭಾನುವಾರ ಹಾರಿಸೋಣ ಅಂತ ಫುಲ್ ಚಾರ್ಜ್ ಮಾಡಿಟ್ವಿ. ಮಳೆ ಬಂತು. ಆಮೇಲೆ ಪರೀಕ್ಷೆ ಬಂತು. ಎರಡು ತಿಂಗಳ ಮೇಲೆ ಹಾಸ್ಟೆಲ್ ಬೀರು ತೆಗೆದರೆ ಬ್ಯಾಟರಿ ಪೂರಿ ಥರ ಉಬ್ಬಿ ಕೂತಿದೆ! ಹಾರಿದ್ದು ಒಟ್ಟು ಆರೇ ಸಲ ಸ್ವಾಮಿ.

ತಪ್ಪು ಯಾರದು? ನಮ್ಮದೇ.

ನೋಡಿ, ಈ ಜಾತಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಆ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಎಲೆಕ್ಟ್ರೊಲೈಟ್ ಸುಮ್ಮನಿರಲ್ಲ, ನಿಧಾನವಾಗಿ ಒಡೆದು ಅನಿಲ ಬಿಡುತ್ತೆ. ಸೆಖೆ ಇದ್ದರೆ ಇನ್ನೂ ಬೇಗ. ಜತೆಗೆ ಸೆಲ್ಲಿನ ಆಂತರಿಕ ರೋಧವೂ ಏರುತ್ತೆ. ಫೋನಿನ ಬ್ಯಾಟರಿ ದಿನವಿಡೀ ಹನಿಸೋದನ್ನ ವಿಮಾನದ ಬ್ಯಾಟರಿ ಹತ್ತು ನಿಮಿಷದಲ್ಲಿ ಸುರೀಬೇಕು. ರೋಧ ಏರಿದ ಪ್ಯಾಕು ಟೇಕಾಫ್‌ನಲ್ಲೇ ಸುಸ್ತಾಗುತ್ತೆ.

ಹಾಗಾಗಿ ಒಂದೆರಡು ದಿನದಲ್ಲಿ ಹಾರಿಸಲ್ಲ ಅಂತಾದ್ರೆ ಸೆಲ್ಲಿಗೆ ಸುಮಾರು 3.8 ವೋಲ್ಟ್ ಇರೋ ಹಾಗೆ ಮಾಡಿ ತಂಪಾದ ಕಡೆ ಇಡಿ. ಒಳ್ಳೆ ಚಾರ್ಜರಿನಲ್ಲಿ ‘ಸ್ಟೋರೇಜ್’ ಅಂತಲೇ ಒಂದು ಆಯ್ಕೆ ಇರುತ್ತೆ. ನಮ್ಮದರಲ್ಲೂ ಇತ್ತು, ಮುಟ್ಟಿರಲಿಲ್ಲ!

ಹಾರಿಸುವಾಗಲೂ ದುರಾಸೆ ಬೇಡ. ಶೇಕಡಾ 80 ಖರ್ಚಾಗೋ ಹೊತ್ತಿಗೆ ಇಳಿಸಿಬಿಡಿ. ಅದು ಗೊತ್ತಾಗೋದು ಹೇಗೆ? ಐದು ನಿಮಿಷ ಹಾರಿಸಿ, ಇಳಿಸಿ, ಬಿಸಿ ಆರಿದ ಮೇಲೆ ಚಾರ್ಜಿಗಿಡಿ. ಎಷ್ಟು ವಾಪಸ್ ಹೋಯ್ತು ಅಂತ ಚಾರ್ಜರೇ ತೋರಿಸುತ್ತೆ. 2200ರ ಪ್ಯಾಕಿಗೆ 1760ಕ್ಕಿಂತ ಜಾಸ್ತಿ ಹೋಗಿದ್ದರೆ ಟೈಮರ್ ಕಡಿಮೆ ಮಾಡಿ. ಚಾರ್ಜಿಗೆ 2.2 ಆಂಪಿಯರ್ ಸಾಕು, ಗಂಟೆ ಹಿಡಿದರೆ ಹಿಡಿಯಲಿ.

ಬ್ಯಾಲೆನ್ಸ್ ತಂತಿ ಸಿಕ್ಕಿಸೋದನ್ನ ಮಾತ್ರ ಮರೀಬೇಡಿ ವೀಕ್ಷಕರೇ. ಒಟ್ಟು ವೋಲ್ಟೇಜ್ 12.6 ಅಂತ ಸರಿಯಾಗೇ ಕಾಣುತ್ತೆ. ಒಳಗೆ ಒಂದು ಸೆಲ್ 4.1, ಇನ್ನೊಂದು 4.2, ಮತ್ತೊಂದು 4.3 ಇರಬಹುದು. ಆ 4.3 ಬೆಂಕಿಗೆ ಕೊಟ್ಟ ಆಹ್ವಾನ.

ಅಂದ ಹಾಗೆ, ಉಬ್ಬಿದ ನಮ್ಮ ಬ್ಯಾಟರಿಗೆ ಪಿನ್ನು ಚುಚ್ಚಿ ಗಾಳಿ ತೆಗೀತೀನಿ ಅಂತ ಗೆಳೆಯನೊಬ್ಬ ಹೊರಟಿದ್ದ. ಪುಣ್ಯಕ್ಕೆ ಲ್ಯಾಬಿನ ಸಹಾಯಕರು ನೋಡಿ ಕೈ ಹಿಡಿದರು. ಬೈಯುತ್ತಲೇ ಅದನ್ನ ಮರಳಿನ ಬಕೆಟ್ಟಿನಲ್ಲಿಟ್ಟು ಹೊರಗೆ ಒಯ್ದರು.