ಹಾರ್ಟ್ ರೇಟ್ ಬೆಲ್ಟ್ ಲ್ಯಾಪ್‌ಟಾಪಿಗೆ ಸಿಗುತ್ತಿಲ್ಲವೇ? ಡಾಂಗಲ್ ಕೊಳ್ಳುವ ಮುನ್ನ ಓದಿ

ಊರಿಂದ ಪುಣೆಗೆ ಕರೆತಂದ ಅಪ್ಪನಿಗೆ ಫ್ಲ್ಯಾಟಿನಲ್ಲೇ ಸೈಕಲ್ ವ್ಯಾಯಾಮ ಶುರುಮಾಡಿಸಿದ್ದೆವು. ನಾಡಿಬಡಿತ 110 ದಾಟಬಾರದು ಎಂದಿದ್ದರು ಡಾಕ್ಟರು. (ಇದು ಅವರಿಗೆ ಹೇಳಿದ ಮಿತಿ, ನಿಮ್ಮದನ್ನು ನಿಮ್ಮ ಡಾಕ್ಟರನ್ನೇ ಕೇಳಿ.) ಎದೆಗೆ ಕಟ್ಟುವ ಬೆಲ್ಟ್ ಬಂತು, ಲ್ಯಾಪ್‌ಟಾಪಿನಲ್ಲಿ ಅಂಕಿ ಮಾತ್ರ ಬರಲಿಲ್ಲ. ಅವಸರದಲ್ಲಿ ಬ್ಲೂಟೂತ್ ಡಾಂಗಲ್ ತಂದು ದುಡ್ಡು ಕಳೆದುಕೊಂಡೆ.

ನೀವು ಮೊದಲು ಬೆಲ್ಟಿನ ಡಬ್ಬಿ ನೋಡಿ. ಆಂಟ್ ಪ್ಲಸ್ ಎಂದಷ್ಟೇ ಇದ್ದರೆ ಬ್ಲೂಟೂತ್ ಡಾಂಗಲ್ ಅದನ್ನು ಹಿಡಿಯುವುದಿಲ್ಲ. ಆಂಟ್ ಪ್ಲಸ್ ಯುಎಸ್‌ಬಿ ಡಾಂಗಲ್ಲೇ ಬೇಕು. ಎರಡೂ ಓಡುವುದು 2.4 ಗಿಗಾಹರ್ಟ್ಸ್‌ನಲ್ಲೇ, ಆದರೆ ಒಂದರ ಭಾಷೆ ಇನ್ನೊಂದಕ್ಕೆ ಬಾರದು. ಬೆಲ್ಟಿನಲ್ಲಿ ಬ್ಲೂಟೂತೂ ಇದ್ದು, ಲ್ಯಾಪ್‌ಟಾಪಿನಲ್ಲಿ ಬ್ಲೂಟೂತ್ 4.0 ಅಥವಾ ಅದಕ್ಕಿಂತ ಹೊಸದಿದ್ದರೆ, ಆ್ಯಪ್ ಅದನ್ನು ಒಪ್ಪುವುದಾದರೆ ಏನನ್ನೂ ಕೊಳ್ಳಬೇಡಿ.

ಸರಿಯಾದ ಡಾಂಗಲ್ ತಂದ ಮೇಲೂ ನಮ್ಮಲ್ಲಿ ಸಂಪರ್ಕ ಆಗಾಗ ಕಡಿಯುತ್ತಿತ್ತು. ಒಂದು ದಿನ ಪರದೆಯಲ್ಲಿ 98 ಎಂದೇ ನಿಂತಿತ್ತು, ಅಪ್ಪ ಹಾಯಾಗಿ ತುಳಿಯುತ್ತಿದ್ದರು. ಅಮ್ಮನಿಗೆ ಅನುಮಾನ ಬಂದು ಕೈ ಹಿಡಿದು ಎಣಿಸಿದರೆ 30 ಸೆಕೆಂಡಿಗೆ 62 ಬಡಿತ! ಅಂದರೆ ನಿಮಿಷಕ್ಕೆ 124. ಕಡಿದಾಗ ಹಳೆಯ ಅಂಕಿಯೇ ಉಳಿದುಬಿಟ್ಟಿತ್ತು.

ಕಾರಣ ಸಣ್ಣದು. ಯುಎಸ್‌ಬಿ 3.0 ಪೋರ್ಟ್ ಇದೇ ಅಲೆಯಲ್ಲಿ ಗದ್ದಲ ಎಬ್ಬಿಸುತ್ತದೆ, ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಹೆಚ್ಚು. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ಲನ್ನು ಸೈಕಲ್ ಪಕ್ಕಕ್ಕೆ ತಂದಿಟ್ಟೆವು, ಸರಿಹೋಯಿತು. ಬೆಲ್ಟಿನ ಒಳಭಾಗವನ್ನು ನೀರಿನಿಂದ ಒದ್ದೆ ಮಾಡಿಯೇ ಕಟ್ಟಿ.

ಎದೆ ನೋವು, ಉಸಿರು ಕಟ್ಟುವುದು, ತಲೆ ಸುತ್ತು ಬಂದರೆ ಪರದೆಯ ಅಂಕಿ ಎಷ್ಟೇ ಇರಲಿ, ಸೈಕಲ್ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.