ಟೈ ಆದ್ರೆ ಸೂಪರ್ ಓವರ್ ಗ್ಯಾರಂಟಿನಾ?

ಮ್ಯಾಚ್ ಟೈ ಆದ್ರೆ ಸೂಪರ್ ಓವರ್ ಇದ್ದೇ ಇರುತ್ತೆ ಅಂತ ಅಂದ್ಕೊಂಡಿದ್ದೀರಾ? ಯಾವಾಗಲೂ ಇರಲ್ಲ.

ಮೊದಲು ಇದ್ದ ಕಥೆ. 2022ರ ಡಿಸೆಂಬರ್ 11, ನವಿ ಮುಂಬೈ, ಭಾರತ–ಆಸ್ಟ್ರೇಲಿಯಾ ಮಹಿಳಾ ಟಿ20. ಎರಡೂ ತಂಡ 187. ಚೇಸ್ ಮಾಡಿದ್ದು ಭಾರತ, ಹಾಗಾಗಿ ನಿಯಮದಂತೆ ಸೂಪರ್ ಓವರ್‌ನಲ್ಲಿ ಮೊದಲು ಬ್ಯಾಟಿಂಗೂ ಭಾರತದ್ದೇ. ಇಲ್ಲಿ ಎರಡು ವಿಕೆಟ್ ಬಿದ್ರೆ ಇನಿಂಗ್ಸ್ ಮುಗೀತು, ಬಾಲ್ ಉಳಿದಿದ್ರೂ ಅಷ್ಟೇ. ರಿಚಾ ಘೋಷ್ ಮೊದಲ ಬಾಲ್‌ಗೆ ಸಿಕ್ಸ್ ಹೊಡೆದು ಎರಡನೇದಕ್ಕೆ ಔಟ್. ಇನ್ನೊಂದು ತಪ್ಪಿಗೆ ಜಾಗವೇ ಇಲ್ಲ. ಆ ಒತ್ತಡದಲ್ಲಿ ಸ್ಮೃತಿ ಮಂದಾನ ಮೂರೇ ಬಾಲ್‌ಗೆ 13 ಹೊಡೆದ್ರು: ಫೋರ್, ಸಿಕ್ಸ್, ಮೂರು ರನ್. ಒಟ್ಟು 20. ರೇಣುಕಾ ಸಿಂಗ್ ಆಸ್ಟ್ರೇಲಿಯಾವನ್ನ 16ಕ್ಕೆ ತಡೆದ್ರು.

ಸೂಪರ್ ಓವರೂ ಸಮ ಆಗಿದ್ರೆ? ಇನ್ನೊಂದು ಸೂಪರ್ ಓವರ್. ಬೌಂಡರಿ ಎಣಿಸಿ ಗೆಲುವು ಕೊಡೋ ಪದ್ಧತಿ 2019ರಲ್ಲೇ ಹೋಯ್ತು. ಒಳ್ಳೇದಾಯ್ತು ಬಿಡಿ.

ಈಗ 2023ರ ಜುಲೈ 22, ಢಾಕಾದ ಮೀರ್‌ಪುರ. ಏಕದಿನ ಸರಣಿ 1–1, ಇದು ಕೊನೇ ಮ್ಯಾಚ್. ಬಾಂಗ್ಲಾದೇಶ 225, ಭಾರತ ಮೂರು ಬಾಲ್ ಉಳಿದಿರುವಾಗ 225ಕ್ಕೇ ಆಲೌಟ್. ಹರ್ಮನ್‌ಪ್ರೀತ್ ಸಿಟ್ಟಲ್ಲಿ ಸ್ಟಂಪ್ಸ್‌ಗೆ ಬ್ಯಾಟ್ ಬೀಸಿದ್ರಲ್ಲ, ಅದೇ ಮ್ಯಾಚ್. ಆದ್ರೆ ನಿಗದಿತ ಸಮಯ ಮೀರಿತ್ತು ಅಂತ ಸೂಪರ್ ಓವರ್ ನಡೀಲೇ ಇಲ್ಲ. ಟ್ರೋಫಿಯನ್ನ ಹಂಚಿಕೊಂಡ್ರು.

ಲೀಗ್ ಹಂತದ ಮ್ಯಾಚ್ ಆದ್ರೆ ಪಾಯಿಂಟ್ ಹಂಚಿಕೊಳ್ಳಲಿ, ತಕರಾರಿಲ್ಲ. ಸರಣಿ ಯಾರದ್ದು ಅಂತ ಹೇಳೋ ಮ್ಯಾಚ್‌ಗೆ ಮಾತ್ರ ಈ ಹನ್ನೆರಡು ಬಾಲ್‌ಗೆ ಮೊದಲೇ ಸಮಯ ಎತ್ತಿಡಬೇಕು ಅನ್ನೋದು ನನ್ನ ವಾದ. ನಿಮಗೇನನ್ಸುತ್ತೆ?