ಉಪ್ಪರಿಗೆಯ ಹಲಗೆ

ಹಳೆಯ ಮರದ ನೆಲಕ್ಕೆ ಹೊಸ ಹೊಳಪು ತರುವುದು ಹಳೆಯ ಪದ್ಯಕ್ಕೆ ಅರ್ಥ ಹೇಳುವಷ್ಟೇ ಸುಲಭವೆಂದು ನಾನು ಬಗೆದಿದ್ದೆ. ಎರಡೂ ಸುಲಭವಲ್ಲವೆಂಬ ಅರಿವು ಮೂಡಿದ್ದು ನಲವತ್ತು ದಾಟಿದ ಮೇಲೆ.

ಮಲೆನಾಡಿನ ನಮ್ಮ ಹಿರಿಯರ ಮನೆಯ ಉಪ್ಪರಿಗೆಗೆ ಹೊನ್ನೆಯ ಹಲಗೆ ಹಾಸಿದೆ. ಮೂರು ತಲೆಮಾರಿನ ಕಾಲ್ತುಳಿತದಿಂದ ನಡುವೆ ಸವೆದು, ಅಂಚಿನಲ್ಲಿ ಹೊಗೆಯಿಂದ ಕಪ್ಪಿಟ್ಟಿತ್ತು. “ಎಲ್ಲ ಕಿತ್ತು ಟೈಲ್ಸ್ ಹಾಕಿಸೋಣ ಕಣೋ” ಎಂದ ಅಣ್ಣ. ನಾನು ಒಂದು ವರುಷದ ಗಡುವು ಬೇಡಿಕೊಂಡೆ.

ದಸರೆಯ ರಜೆಯಲ್ಲಿ ಉಜ್ಜುವ ಯಂತ್ರವನ್ನು ಬಾಡಿಗೆಗೆ ತಂದು ನಾನೇ ಕೆಲಸಕ್ಕಿಳಿದೆ. ಯಂತ್ರ ನುಸುಳದ ಮೂಲೆಗಳನ್ನು ಕೈಯಿಂದ ಉಜ್ಜಿದೆ. ಒದ್ದೆ ಬಟ್ಟೆಯಲ್ಲಿ ಧೂಳೊರೆಸಿ, ಬಣ್ಣದ ಎಣ್ಣೆ ಬಳಿದೆ. ಆರಿದ ಮೇಲೆ ನೋಡಿದರೆ ನೆಲ ಚಿರತೆಯ ಮೈಯಾಗಿತ್ತು! ಎಣ್ಣೆ ಕೊಟ್ಟ ಅಂಗಡಿಯವನನ್ನು ಮನಸಾರೆ ಶಪಿಸಿದೆ.

ಊರಿನ ಹಿರಿಯ ಬಡಗಿ ಆಚಾರರು ಬಂದು, ಮೊಣಕಾಲೂರಿ ಕುಳಿತು, ಹಲಗೆಯ ಮೇಲೆ ಅಂಗೈಯಾಡಿಸಿದರು. “ಎಣ್ಣೆ ಒಂದೇ ಮೇಷ್ಟ್ರೇ, ಮರವೂ ಒಂದೇ. ಒಂದೇ ಅಲ್ಲದ್ದು ನಿಮ್ಮ ಕೈ” ಎಂದರು.

ನಡುವೆ ನಾನು 120ನೆಯ ನಂಬರಿನ ನಯವಾದ ಉಪ್ಪುಕಾಗದದವರೆಗೆ ಉಜ್ಜಿದ್ದೆ. ಮೂಲೆಗಳಲ್ಲಿ ಬೇಸತ್ತು 60ರ ಒರಟಿಗೇ ನಿಲ್ಲಿಸಿದ್ದೆ. ಒರಟು ಮರ ಎಣ್ಣೆಯನ್ನು ಹೆಚ್ಚು ಕುಡಿದು ಕಪ್ಪಾಯಿತು, ನಯವಾದದ್ದು ತೆಳುವಾಗಿಯೇ ಉಳಿಯಿತು. ಕಾಫಿಗೆಂದು ಎದ್ದುಹೋದ ಕಡೆ, ಆರಿದ ಅಂಚಿನ ಮೇಲೆ ಮತ್ತೆ ಎಣ್ಣೆ ಬಿದ್ದು ಗೆರೆ ಮೂಡಿತ್ತು. ಇನ್ನು ಹೊನ್ನೆಯ ಗುಣವನ್ನಂತೂ ನಾನು ಮರೆತೇ ಇದ್ದೆ. ಅದರ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗಾಗುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ಅಂಥ ಮರವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಲೆಯಾಗದೆ ಇದ್ದೀತೆ?

“ಇನ್ನೊಂದೇ ಸಲ ಉಜ್ಜಬಹುದು. ಆಮೇಲೆ ಹಲಗೆ ತಾಳುವುದಿಲ್ಲ” ಎಂದು ಆಚಾರರು ಎಚ್ಚರಿಸಿದರು. ಅಣ್ಣನ ಟೈಲ್ಸಿಗೂ ಅಪ್ಪಯ್ಯನ ಹಲಗೆಗೂ ನಡುವೆ ಉಳಿದದ್ದು ಆ ಒಂದೇ ಸಲ.

ಮಳೆಗಾಲದ ತೇವ ಪೂರ್ತಿ ಹೋಗಲೆಂದು ಬೇಸಗೆಯವರೆಗೆ ಕಾದೆವು. ಮೊದಲು ಮೊಳೆಗಳ ತಲೆಯನ್ನು ಒಳಕ್ಕೆ ಬಡಿದೆವು. 60, 100, 120 ಎಂದು ಒಂದನ್ನೂ ಬಿಡದೆ, ಎಳೆಯ ಜಾಡಿನಲ್ಲಿಯೇ ಉಜ್ಜಿದೆವು; ಮೂಲೆಗೂ ಅದೇ ಕ್ರಮ. ರಾತ್ರಿ ದೀಪವನ್ನು ನೆಲದ ಮಟ್ಟಕ್ಕೆ ಇಟ್ಟಾಗ, ಹಗಲು ಕಾಣದ ಗೀರುಗಳೆಲ್ಲ ಓರೆಬೆಳಕಿಗೆ ಎದ್ದು ಬಂದವು. ಧೂಳನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಕಪಾಟಿನಡಿಯ ಮರೆಯಲ್ಲಿ ಮೊದಲು ಬಣ್ಣ ಪರೀಕ್ಷಿಸಿದೆವು. ಬಳಿಕ ಎರಡೆರಡೇ ಹಲಗೆ ಹಿಡಿದು, ಗೋಡೆಯಿಂದ ಗೋಡೆಗೆ ನಡುವೆ ನಿಲ್ಲದೆ ಬಳಿದು, ಹೆಚ್ಚಿನ ಎಣ್ಣೆಯನ್ನು ಒರೆಸಿ ತೆಗೆಯುತ್ತ ಬಾಗಿಲಿನತ್ತ ಹಿಂದೆ ಸರಿದೆವು. ಎಣ್ಣೆಬಟ್ಟೆಗಳನ್ನು ಗುಡ್ಡೆ ಹಾಕಲು ಆಚಾರರು ಬಿಡಲಿಲ್ಲ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಅವನ್ನು ಅಂಗಳದಲ್ಲಿ ಬಿಡಿಸಿ ಹರಡಿದೆವು. ಅರಗಿನ ಪಾಲಿಶು ನೀರು ಬಿದ್ದಲ್ಲಿ ಬೆಳ್ಳಗಾಗುವುದರಿಂದ, ಪಾಲಿಯುರಿಥೇನ್ ವಾರ್ನಿಶನ್ನೇ ತೆಳ್ಳಗೆ ಮೂರು ಸಲ ಕೊಟ್ಟೆವು.

ಒಂದು ಕಲೆ ಮಾತ್ರ ಹೋಗಲಿಲ್ಲ. ಕರೆಂಟು ಬರುವ ಮುನ್ನ ಅಪ್ಪಯ್ಯ ಓದಲು ಇಡುತ್ತಿದ್ದ ದೀಪದ ಎಣ್ಣೆ ಅಲ್ಲಿ ಆಳಕ್ಕೆ ಇಳಿದಿತ್ತು. ನಾನು ಅದನ್ನು ಕೆರೆಯಹೊರಟಾಗ ಆಚಾರರು ಕೈ ಹಿಡಿದರು. “ಅಷ್ಟನ್ನೇ ಕೆರೆದರೆ ಗುಂಡಿಯಾಗುತ್ತದೆ. ನಯ ಒಂದಾದರೆ ಸಾಕು ಮೇಷ್ಟ್ರೇ, ಬಣ್ಣ ಮರದ್ದು.”

ಮಳೆಗೆ ಮುನ್ನ ಅಣ್ಣ ಬಂದ. ಬರಿಗಾಲಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದು, ಕಲೆಯ ಬಳಿ ನಿಂತ.

“ಅಪ್ಪಯ್ಯನ ದೀಪ ಅಲ್ವೇನೋ ಇದು?” ಎಂದು ಅಲ್ಲಿಯೇ ಕುಳಿತುಬಿಟ್ಟ.

ಟೈಲ್ಸಿನ ಮಾತು ಮತ್ತೆ ಬರಲಿಲ್ಲ.